ಧಾರೆ ತೆಗೆಸಿದ ಈಳಿಗೆ

“ಧಾರ ಹಚ್ಚಬ್ಯಾಡ್ರಿ. ಇದ್ದ ಧಾರ ತಗದು ಕೊಡ್ರಿ” ಎಂದೆ.

ದಾದಾಪೀರ ಸ್ವಿಚ್ ಆರಿಸಿದರು. ಗಿರ್ರನೆ ಸುತ್ತುತ್ತಿದ್ದ ಸಾಣೆಯ ಪಟ್ಟಾ ನಿಂತ ಮೇಲೆ ಕನ್ನಡಕವನ್ನು ಹಣೆಗೇರಿಸಿ, ಮೊದಲು ಈಳಿಗೆಯನ್ನು, ಆಮೇಲೆ ನನ್ನನ್ನು ನೋಡಿದರು.

“ಅಕ್ಕಾರ, ಮಂದಿ ಮೊಂಡ ಆಗೇತಿ ಅಂತ ತರ್ತಾರ್ರಿ. ನೀವು ಮೊಂಡ ಮಾಡು ಅಂತೀರಲ್ರಿ?”

“ಹೌದ್ರಿ.”

“ಇಷ್ಟ ಚಲೋ ಧಾರ ಐತಿ ಇದಕ್ಕ!”

“ಅದಕ್ಕರೀ ಅಂಜಿಕಿ” ಎಂದೆ.

ಗಜೇಂದ್ರಗಡದಲ್ಲಿ ರೋಣ ರಸ್ತೆಗೆ ಹೊರಳಿದರೆ ಪಂಚರ್ ಅಂಗಡಿಯ ಮಗ್ಗುಲಿಗೇ ದಾದಾಪೀರ ಅವರ ತಗಡಿನ ಶೆಡ್ಡು. ಮೊದಲು ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಓಣಿ ಓಣಿ ತಿರುಗುತ್ತಿದ್ದರು. ಈಗ ಒಂದು ಮೋಟರು, ಎರಡು ಗಾಲಿ, ಅವುಗಳ ಮೇಲೆ ಓಡುವ ಉಸುಕಿನ ಕಾಗದದಂಥ ಪಟ್ಟಾ. ಒರಟು ಪಟ್ಟಾ, ನಡುತರದ್ದು, ನುಣ್ಣನೆಯದು, ಕೊನೆಗೆ ಹೊಳಪು ಕೊಡುವ ತೊಗಲಿನದು, ಎಲ್ಲವೂ ಗೋಡೆಯ ಮೊಳೆಗೆ ಜೋತುಬಿದ್ದಿರುತ್ತವೆ. ಜೋಳದ ಸುಗ್ಗಿಯಲ್ಲಿ ಬೆಳವಣಕಿಯ ತನಕದ ಕುಡಗೋಲುಗಳು ಇಲ್ಲಿಗೆ ಬರುತ್ತವೆ. ಟೇಲರ್‌ಗಳ ಕತ್ತರಿ, ಮಟನ್ ಅಂಗಡಿಯವರ ಚೂರಿ, ಮೇವು ಕತ್ತರಿಸುವ ಮಷಿನ್ನಿನ ಬ್ಲೇಡು ಎಲ್ಲಕ್ಕೂ ಇದೇ ಪಟ್ಟಾ. ಧಾರೆ ಹತ್ತಿತೋ ಇಲ್ಲವೋ ಎಂದು ನೋಡಲು ಹಳೆಯ ಪೇಪರಿನ ಒಂದು ಹಾಳೆ ಎತ್ತಿ ಸರ್ರನೆ ಸೀಳುತ್ತಾರೆ. (ಒಮ್ಮೆ ಈ ಅಂಕಣವೇ ನನ್ನ ಕಣ್ಣೆದುರು ಎರಡು ಹೋಳಾಯಿತು. ಓದುಗರಲ್ಲಿ ಕೆಲವರಿಗೆ ಸಮಾಧಾನವಾಗಬಹುದು.)

ಅಂಥ ಅಂಗಡಿಯಲ್ಲಿ ನಿಂತು ನಾನು ಧಾರೆ ತೆಗೆಯಿರಿ ಎಂದಿದ್ದೆ. ಯಾಕೆ?

ಯಾಕೆಂದರೆ ನಮ್ಮ ಅತ್ತೆ.

ಅತ್ತೆ ಎಂದರೆ ನನ್ನ ಗಂಡನ ತಾಯಿ, ಹಾಗೇ ನನ್ನ ಅಪ್ಪನ ಅಕ್ಕ ಕೂಡ. ನಮ್ಮ ಕಡೆ ಸಂಬಂಧದಲ್ಲೇ ಕೊಟ್ಟು ತರುವುದು ಹೊಸದೇನಲ್ಲವಲ್ಲ. ಮದುವೆಯಾದ ಹೊಸದರಲ್ಲಿ ನಾನು ಸೊಸೆಯ ಶಿಸ್ತಿನಿಂದ ‘ರಿ’ ಹಚ್ಚಿ ಮಾತಾಡಲು ಹೋದೆ. “ನಿನ್ನ ಎತ್ತಿ ಆಡಿಸೀನಿ. ನನಗ್ಯಾಕ ನಿನ್ನ ರೀ ಪೀ?” ಎಂದು ಬೈದರು. ಅಂದಿನಿಂದ ನನಗೆ ಅವರು ‘ನೀ’, ಅವರಿಗೆ ನಾನು ‘ಸರೂ’.

ನಮ್ಮ ಓಣಿಯಲ್ಲಿ ಅತ್ತೆಯ ಹೆಸರು ಬಂದರೆ ಈಳಿಗೆಯ ಹೆಸರೂ ಬರುತ್ತದೆ. (ದಕ್ಷಿಣದ ಓದುಗರಿಗೆ ಮೆಟ್ಟುಕತ್ತಿ ಎಂದರೆ ತಿಳಿದೀತು. ಮಣೆಗೆ ಕೂಡಿಸಿದ ಬಾಗಿದ ಅಲಗು. ಮಣೆಯ ಮೇಲೆ ಕಾಲಿಟ್ಟು ಕೂತು ಹೆಚ್ಚುವುದು.) ಯಾರ ಮನೆಯಲ್ಲೇ ಮದುವೆ, ಸೀಮಂತದ ಕುಬಸ, ಮನೆ ಶಾಂತಿ ಇರಲಿ, ಹಿಂದಿನ ದಿನ ಸಂಜೆಗೆ ಓಣಿಯ ಹೆಂಗಸರನ್ನು ಕಾಯಿಪಲ್ಲೆ ಹೆಚ್ಚಲು ಕರೆಯುತ್ತಾರೆ. ಸುಮ್ಮನೆ ಫೋನ್ ಮಾಡಿದರೆ ನಡೆಯುವುದಿಲ್ಲ. ಮನೆಗೆ ಬಂದು ಕುಂಕುಮ ಹಚ್ಚಿ ಕರೆಯಬೇಕು. ಪ್ರತಿಯೊಬ್ಬಳೂ ತನ್ನ ತನ್ನ ಈಳಿಗೆ ತೆಗೆದುಕೊಂಡು ಹೋಗಬೇಕು. ಅದಲು ಬದಲಾಗಬಾರದೆಂದು ಮಣೆಯ ಮೂಲೆಗೆ ಒಬ್ಬೊಬ್ಬರದು ಒಂದೊಂದು ಬಣ್ಣ. ಅತ್ತೆಯದು ನೀಲಿ. ನೀಲಿ ಮಣೆ ಬರುವ ತನಕ ಹೆಚ್ಚುವುದು ಶುರುವಾಗುತ್ತಿರಲಿಲ್ಲ ಎಂದರೆ ನೀವು ನಂಬಬೇಕು.

ಅವರು ಹೆಚ್ಚಿದ ಬದನೆಕಾಯಿ ನೋಡಬೇಕು. ಮಸಾಲೆ ತುಂಬುವ ತುಂಬುಗಾಯಿಗೆ ನಾಲ್ಕಾಗಿ ಸೀಳಿದರೆ ತೊಟ್ಟಿನ ಹತ್ತಿರ ಎಲ್ಲವೂ ಒಂದೇ ಅಳತೆಗೆ ನಿಲ್ಲುತ್ತಿದ್ದವು. ಮಾತಾಡುತ್ತ, ನಗುತ್ತ, ಯಾರನ್ನೋ ಚೇಷ್ಟೆ ಮಾಡುತ್ತ ಹೆಚ್ಚುವರು. ಕಣ್ಣು ಈಳಿಗೆಯ ಮೇಲೆ ಇರುತ್ತಲೇ ಇರಲಿಲ್ಲ.

ಅದೇ ಈಗ ಆಪತ್ತಾಯಿತು.

ಸಕ್ಕರೆ ಕಾಯಿಲೆ ಅತ್ತೆಯ ಬೆರಳುಗಳ ಸ್ಪರ್ಶವನ್ನೇ ತಿಂದುಹಾಕಿದೆ. ಬಿಸಿ ತಾಗಿದರೂ ಗೊತ್ತಾಗುವುದಿಲ್ಲ, ಚುಚ್ಚಿದರೂ ಗೊತ್ತಾಗುವುದಿಲ್ಲ. ಒಂದು ಬೆಳಿಗ್ಗೆ ಅಡುಗೆಮನೆಗೆ ಬಂದರೆ ನೀರಲ್ಲಿ ಹಾಕಿದ ಬದನೆಕಾಯಿ ಕೆಂಪಾಗಿ ತೇಲುತ್ತಿತ್ತು. ಅತ್ತೆ ಯಾವುದೋ ಹಾಡಿನ ಸೊಲ್ಲು ಗುನುಗುತ್ತ ಹೆಚ್ಚುತ್ತಲೇ ಇದ್ದರು. “ಅತ್ತೀ, ಕೈ!” ಎಂದು ಚೀರಿದೆ. “ಯಾರ ಕೈ?” ಎಂದು ಕೇಳಿದರು.

ಆ ಗಾಯ ಮಾಯಲು ಭಾಳ ದಿನ ಹಿಡಿಯಿತು. ಗದಗಿನ ಡಾಕ್ಟರು ಪಟ್ಟಿ ಬಿಚ್ಚಿ ನೋಡಿ ನಮ್ಮ ಮನೆಯವರನ್ನು ಹೊರಗೆ ಕರೆದರು. ಮತ್ತೊಮ್ಮೆ ಹೀಗಾಗಿ ಕೀವಾದರೆ ಬೆರಳು ತೆಗೆಯಬೇಕಾಗುತ್ತದೆ, ಅಲ್ಲಿಗೇ ನಿಲ್ಲುತ್ತದೆ ಎಂದೂ ಹೇಳಲಾರೆ ಎಂದರು.

ಮನೆಗೆ ಬಂದು ಹೇಳಿದೆವು. ತಿಳಿಸಿ ಹೇಳಿದೆವು, ಬೈದು ಹೇಳಿದೆವು. ಅತ್ತೆ ಕೇಳಲಿಲ್ಲ. “ಬಟ್ಟು ನಂದೋ, ಡಾಕ್ಟರಂದೋ?” ಎಂದು ಬೆರಳು ಮುಂದೆ ಚಾಚಿದರು. ಈಳಿಗೆಯನ್ನು ಅಟ್ಟದ ಮೇಲಿಟ್ಟೆವು. ಪಕ್ಕದ ಮನೆಯವರನ್ನು ಕರೆದು ಇಳಿಸಿಕೊಂಡರು. ದಾರ ಎಳೆದರೆ ಉಳ್ಳಾಗಡ್ಡಿ ಪುಡಿಯಾಗುವ ಪ್ಲಾಸ್ಟಿಕ್ ಚಾಪರ್ ತಂದುಕೊಟ್ಟೆ. ಎಳೆದು ನೋಡಿ, ಮುಚ್ಚಳ ತೆಗೆದು ನೋಡಿ, “ಇದು ಹೆಚ್ಚೂದಲ್ಲ ಸರೂ, ಕೊಚ್ಚೂದು” ಎಂದು ದೂರ ಸರಿಸಿದರು.

ಆಗ ನಮ್ಮ ಮನೆಯವರಿಗೆ ಹೊಳೆದದ್ದು ಈ ಉಪಾಯ. “ಈಳಿಗಿ ಇರ್ಲಿ, ಧಾರ ಇರೂದು ಬ್ಯಾಡ. ಹೆಚ್ಚಾಕ ಬರ್ಲಿಲ್ಲ ಅಂದ್ರ ತಾನ ಬಿಡ್ತಾಳ.”

ಎಷ್ಟು ಸುಲಭ! ನನಗೂ ಹೌದೆನ್ನಿಸಿತು. ವಾದದಲ್ಲಿ ಅತ್ತೆಯನ್ನು ಗೆಲ್ಲಲಾಗದವರು ನಾವು. ಕಬ್ಬಿಣವಾದರೆ ಎದುರು ಮಾತಾಡುವುದಿಲ್ಲ. ಸಾಣೆ ಹಿಡಿಸಿಕೊಂಡು ಬರುತ್ತೇನೆ ಎಂದು ಹೇಳಿ ಈಳಿಗೆ ಹಿಡಿದು ಹೊರಟೆ.

ಇದನ್ನೆಲ್ಲ ಕೇಳಿದ ದಾದಾಪೀರ ತಲೆಯಾಡಿಸಿದರು. “ಬಟ್ಟು ಉಳೀಬೇಕಲ್ರಿ, ಆತು” ಎಂದರು. ಅಲಗನ್ನು ಮಣೆಯಿಂದ ಬಿಚ್ಚಿ, ಮೋಟರು ಹಚ್ಚಿ, ಅಂಚನ್ನು ನೆಟ್ಟಗೆ ಪಟ್ಟಾದ ಮೇಲೆ ಒತ್ತಿದರು. ಕಿಡಿ ಹಾರಿದವು. ಧಾರೆ ಹಚ್ಚುವಾಗ ಎಷ್ಟೊಂದು ನಾಜೂಕು! ವಾರೆ ಹಿಡಿಯಬೇಕು, ಎರಡೂ ಮಗ್ಗುಲು ಸಮ ತಿಕ್ಕಬೇಕು, ಬಿಸಿಯಾಗಿ ಕಬ್ಬಿಣದ ಹದ ಕೆಡದಂತೆ ಮೇಲಿಂದ ಮೇಲೆ ನೀರಿಗೆ ಅದ್ದಬೇಕು. ತೆಗೆಯುವಾಗ ಇದಾವುದೂ ಬೇಕಾಗಲಿಲ್ಲ. ನಾನು ಸೆರಗು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿದೇ ಹೋಯಿತು. ಪೇಪರಿಗೆ ಹಚ್ಚಿ ನೋಡಿದರು. ಹಾಳೆ ಸೀಳಲಿಲ್ಲ, ಮಡಚಿಕೊಂಡಿತು.

ಇಲ್ಲಿಗೆ ನಿಲ್ಲಿಸಿದ್ದರೆ ಈ ಅಂಕಣವೇ ಇರುತ್ತಿರಲಿಲ್ಲವೇನೋ. ಆದರೆ ದಾದಾಪೀರ ಅವರದೊಂದು ರೂಢಿ. ಅವರ ಶೆಡ್ಡಿನಿಂದ ಯಾವ ಅಲಗೂ ಹೊಳಪಿಲ್ಲದೆ ಹೊರಗೆ ಹೋಗುವುದಿಲ್ಲ. ಕೈ ತನ್ನಷ್ಟಕ್ಕೆ ತಾನೇ ತೊಗಲಿನ ಪಟ್ಟಾ ಏರಿಸಿತು. ವರ್ಷಗಟ್ಟಲೆ ಬಳಸಿ ಕಪ್ಪಾಗಿದ್ದ ಅಲಗು ಬೆಳ್ಳಿಯ ಹಾಗೆ ಮಿಂಚಿತು. ಇದರಿಂದ ಏನಾದೀತು ಎಂದು ಅವರೂ ಯೋಚಿಸಲಿಲ್ಲ, ನಾನೂ ಯೋಚಿಸಲಿಲ್ಲ.

ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. ಈಳಿಗೆಯನ್ನು ಬೆಳಕಿಗೆ ಹಿಡಿದು ಮುಖ ಅರಳಿಸಿದರು. “ಆಹಾ, ಏನ್ ಮಾಡ್ಯಾನ ದಾದಾಪೀರ! ಹೊಸಾದ ಕಂಡಂಗ ಕಾಣತೈತಿ.” ಹಳೆಯ ಅಭ್ಯಾಸದಂತೆ ಹೆಬ್ಬೆರಳನ್ನು ಅಂಚಿನ ಮೇಲೆ ಆಡಿಸಿದರು. ಗುಟ್ಟು ಒಡೆಯಿತು ಎಂದುಕೊಂಡೆ. ಆದರೆ ಆ ಹೆಬ್ಬೆರಳಿಗೆ ಏನು ತಿಳಿಯಬೇಕು? ಅದು ಏನನ್ನಾದರೂ ಮುಟ್ಟಿ ತಿಳಿದು ಎಷ್ಟೋ ಕಾಲವಾಗಿತ್ತು. ಅವರು ಕಣ್ಣನ್ನೇ ನಂಬಿದರು.

ಕೂತರು. ಸವತೆಕಾಯಿ ಹಿಡಿದು ಅಲಗಿಗೆ ಒತ್ತಿದರು. ಅದು ಜಾರಿತು. ಮತ್ತೆ ಒತ್ತಿದರು. ಸಿಪ್ಪೆ ತರಚಿತು, ನೀರು ಬಂತು, ಹೋಳಾಗಲಿಲ್ಲ. ಬದನೆಕಾಯಿ ಹಿಡಿದರು. ಅದೂ ಹಾಗೇ. ಬೇರೆ ಯಾರಾದರೂ ಆಗಿದ್ದರೆ ಈಳಿಗೆಯನ್ನು ಬೈಯುತ್ತಿದ್ದರು, ಸಾಣೆ ಹಿಡಿದವನನ್ನು ಬೈಯುತ್ತಿದ್ದರು. ಅತ್ತೆ ಎರಡೂ ಕೈಗಳನ್ನು ಮಡಿಲಲ್ಲಿ ಮೇಲ್ಮೊಗವಾಗಿಟ್ಟುಕೊಂಡು ಬಹಳ ಹೊತ್ತು ನೋಡಿದರು.

“ಸರೂ, ನನ್ನ ಕೈಯಾಗಿನ ಕಸುವು ಹೋತು” ಎಂದರು.

ನಾನು ಒಲೆಯ ಕಡೆ ತಿರುಗಿದ್ದೆ. ತಿರುಗಿಯೇ ಇದ್ದೆ.

ಅಂದು ನಮ್ಮ ಮನೆಯವರು ಸಂತೋಷವಾಗಿ ಊಟ ಮಾಡಿದರು. ಉಪಾಯ ಕೆಲಸ ಮಾಡಿತ್ತಲ್ಲ! ಅತ್ತೆ ಹೆಚ್ಚುವುದು ಬಿಟ್ಟರು. ಗಾಯವಿಲ್ಲ, ರಕ್ತವಿಲ್ಲ, ಗದಗಿಗೆ ಓಡಾಟವಿಲ್ಲ.

ಆದರೆ ಅವರು ಹೆಚ್ಚುವುದಷ್ಟನ್ನೇ ಬಿಡಲಿಲ್ಲ. ಮರುದಿನ ಹಿಟ್ಟಿನ ಪರಾತದ ಮುಂದೆ ಕೂರಲಿಲ್ಲ. “ನೀನ ಬಡಿ ರೊಟ್ಟಿ, ನನ್ನ ಕೈಲೆ ಹರೀತಾವ” ಎಂದರು. ಆಮೇಲೆ ತಲೆ ಬಾಚುವ ಹಣಿಗೆ ತಂದು ನನ್ನ ಕೈಗೆ ಕೊಟ್ಟು ಬೆನ್ನು ಮಾಡಿ ಕೂತರು. ಚಹಾದ ಕಪ್ಪನ್ನು ಎತ್ತುವ ಮೊದಲು ಒಮ್ಮೆ ಅದನ್ನು, ಒಮ್ಮೆ ತಮ್ಮ ಕೈಯನ್ನು ನೋಡಲು ಶುರು ಮಾಡಿದರು. ಬಂದವರೆದುರಿಗೆಲ್ಲ ಅದೇ ಮಾತು: “ನನ್ನ ಕೈ ಸತ್ತಾವ ಯವ್ವಾ.” ಒಂದು ದಿನ ಈಳಿಗೆಯನ್ನು ಒರೆಸಿ ಒರೆಸಿ ನನ್ನ ಮುಂದಿಟ್ಟು, “ಇನ್ನ ಇದು ನಿಂದು” ಎಂದರು.

“ಹೇಳಿಬಿಡೂನು” ಎಂದು ಗಂಡನಿಗೆ ಹೇಳಿದೆ.

“ಹೇಳಿದ್ರ ಮತ್ತ ಶುರು ಮಾಡ್ತಾಳ. ನಾಳಿ ಬಟ್ಟು ತಗಸೂ ಹೊತ್ನ್ಯಾಗ ನೀ ಬರ್ತೀ ಏನ ಸಹಿ ಮಾಡಾಕ?” ಎಂದರು. ಅವರದೂ ಕೆಟ್ಟ ಮನಸ್ಸಲ್ಲ. ಮಗ ತಾಯಿಯ ಬೆರಳಿಗಾಗಿ ಅಂಜಿದ್ದ, ಅಷ್ಟೆ. ಹೇಳುವುದನ್ನು ನಾನೂ ಮುಂದೂಡಿದೆ.

ಹೋದ ತಿಂಗಳು ಎದುರು ಮನೆಯ ಶಾಂತವ್ವನ ಮಗಳ ಮದುವೆ. ಶಾಂತವ್ವ ಕುಂಕುಮದ ಬಟ್ಟಲು ಹಿಡಿದು ಕರೆಯಲು ಬಂದಳು. “ನಾ ಬಂದು ಏನ್ ಮಾಡ್ಲಿ? ಸರೂನ್ನ ಕಳಸ್ತೀನಿ” ಎಂದರು ಅತ್ತೆ. “ಹೆಚ್ಚಬ್ಯಾಡ್ರಿ, ಬಂದು ಕುಂದರ್ರಿ ಸಾಕು. ನೀವಿಲ್ಲಂದ್ರ ನಮಗ ಕೈ ಓಡಂಗಿಲ್ಲ” ಎಂದು ಶಾಂತವ್ವ ಬಿಡಲಿಲ್ಲ. ಸಂಜೆ ಇಬ್ಬರೂ ಹೋದೆವು. ನೀಲಿ ಮಣೆ ನನ್ನ ಕೈಯಲ್ಲಿತ್ತು. ಬಿಟ್ಟು ಹೋದರೆ ಯಾಕೆಂದು ಕೇಳುತ್ತಾರಲ್ಲ! ಅದನ್ನು ಗೋಡೆಗೆ ಒರಗಿಸಿಟ್ಟು, ನಾನು ಅವರೆಕಾಯಿ ಸುಲಿಯುವವರ ಜೊತೆ ಸೇರಿಕೊಂಡೆ. ಅತ್ತೆ ಗುಂಪಿನಿಂದ ಸ್ವಲ್ಪ ಹಿಂದಕ್ಕೆ, ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತರು.

ಶಾಂತವ್ವನ ತಂಗಿ ನಿಂಗವ್ವ ರಾಜೂರದಿಂದ ಬಸ್ಸಿಳಿದು ನೇರ ಬಂದವಳು. ಅವಳ ಹತ್ತಿರ ಈಳಿಗೆ ಇರಲಿಲ್ಲ. ಸುತ್ತ ನೋಡಿ, ಗೋಡೆಗೊರಗಿದ್ದ ಹೊಳೆಯುವ ಅಲಗನ್ನೇ ಎಳೆದುಕೊಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬದನೆಕಾಯಿ ಒತ್ತಿಯಾಗಿತ್ತು.

“ಅಯ್ಯ, ಇದೇನ್ರೆ ಇದು! ನೋಡಾಕಷ್ಟ ಚೆಂದ, ಬೆಣ್ಣಿನೂ ಕೊಯ್ಯಂಗಿಲ್ಲ ಇದು.”

ಹೆಂಗಸರು ನಕ್ಕರು. ಒಬ್ಬಳು ಹೆಬ್ಬೆರಳಿಂದ ಮುಟ್ಟಿ ನೋಡಿದಳು. “ಧಾರ ಅಂಬೂದ ಇಲ್ಲ. ಯಾರೋ ಬೇಕಂತ ತಿಕ್ಕಿ ಮೊಂಡ ಮಾಡ್ಯಾರ.” ಈಳಿಗೆ ಕೈಯಿಂದ ಕೈಗೆ ಹೋಯಿತು.

ಅತ್ತೆ ನಗಲಿಲ್ಲ. ಎದ್ದು ಬಂದು ಶಾಂತವ್ವನ ಈಳಿಗೆಯ ಮುಂದೆ ಕೂತರು. ಮಣೆಯ ಮೇಲೆ ಕಾಲಿಟ್ಟರು. ಬುಟ್ಟಿಯಿಂದ ಒಂದು ಬದನೆಕಾಯಿ ತೆಗೆದುಕೊಂಡು, ಈ ಸಲ ಕಣ್ಣಿಟ್ಟು ನೋಡುತ್ತ, ಮೆಲ್ಲಗೆ ಅಲಗಿಗೆ ಹಿಡಿದರು. ಒಂದು ಸೀಳು. ತಿರುಗಿಸಿ ಇನ್ನೊಂದು. ನಾಲ್ಕೂ ಹೋಳು ತೊಟ್ಟಿಗೆ ಅಂಟಿಕೊಂಡು ಸಮನಾಗಿ ತೆರೆದು ನಿಂತವು.

ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ನನ್ನ ಕಡೆ ನೋಡಿದರು. ಆಮೇಲೆ ಅದನ್ನು ನೀರಿಗೆ ಹಾಕಿ ಎದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು.

ಮನೆಗೆ ಬರುವಾಗ ಓಣಿಯ ನಡುವೆ ನಿಂತರು. “ನಿನಗ ಗೊತ್ತಿತ್ತೇನ?”

“ಗೊತ್ತಿತ್ತು, ಅತ್ತಿ.”

“ಮೊಂಡ ಮಾಡಿಸಿದ್ದಕ್ಕ ನನಗ ಸಿಟ್ಟಿಲ್ಲ. ನನ್ನ ಬಟ್ಟಿನ ಸಲುವಾಗಿ ಮಾಡೀರಿ. ಆದ್ರ ನಾ ಕೈ ಸತ್ತಾವ ಸತ್ತಾವ ಅಂತ ಓಣಿ ತುಂಬ ಹೇಳ್ಕೋತ ಅಡ್ಡಾಡಿದ್ನೆಲ್ಲ, ಆವಾಗರ ಒಂದ್ ಮಾತ್ ಹೇಳಬಾರದೇನ? ಒಬ್ಬಾಕೀನ ಕುಂತು ಈ ಕೈಗೆ ಎಷ್ಟ ಬೈದೀನಿ ಗೊತ್ತೈತೇನ ನಿನಗ?”

ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ. ಅವರ ಕೈಗೆ ಕೈ ಜೋಡಿಸಿ ಹಿಡಿದುಕೊಂಡೆ. ಹಿಡಿದದ್ದು ಆ ಬೆರಳುಗಳಿಗೆ ತಿಳಿಯಿತೋ ಇಲ್ಲವೋ.

ಅಂದಿನಿಂದ ನಾನು ಸುತ್ತಮುತ್ತ ನೋಡುತ್ತಿದ್ದೇನೆ. ನಾವಷ್ಟೇ ಅಲ್ಲ ಎಂದು ತಿಳಿಯುತ್ತಿದೆ. ನರೇಗಲ್ಲಿನ ನಮ್ಮ ಕಾಕಾ ಸ್ಕೂಟರ್ ಓಡಿಸಿ ಬೀಳಬಾರದೆಂದು ಮಕ್ಕಳು ಅದರ ಪ್ಲಗ್ಗಿನ ವೈರ್ ಕಿತ್ತಿಟ್ಟರು. ಕಾಕಾ ಮುಂಜಾನೆಯೆಲ್ಲ ಕಿಕ್ ಹೊಡೆದು ಹೊಡೆದು, ಕಾಲಲ್ಲಿ ಬಲ ಉಳಿದಿಲ್ಲ ಎಂದುಕೊಂಡರು. ಈಗ ಬಚ್ಚಲಿಗೂ ಗೋಡೆ ಹಿಡಿದು ಹೋಗುತ್ತಾರೆ. ನನ್ನ ಗೆಳತಿಯೊಬ್ಬಳು ತಾಯಿ ಮೇಲಿಂದ ಮೇಲೆ ಫೋನ್ ಮಾಡುತ್ತಾಳೆಂದು ರಿಚಾರ್ಜ್ ಮಾಡಿಸುವುದನ್ನೇ ಬಿಟ್ಟಳು. ಆ ತಾಯಿ ತನಗೆ ನಂಬರ್ ಒತ್ತುವುದೇ ಮರೆತುಹೋಗಿದೆ ಎಂದು ತಿಳಿದಿದ್ದಾಳೆ. ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಎಲ್ಲವೂ ಪ್ರೀತಿಯಿಂದಲೇ ನಡೆದದ್ದು.

ಹಾಗಾದರೆ ಬೆರಳು ಹೋದರೆ ಹೋಗಲಿ, ಬಿದ್ದರೆ ಬೀಳಲಿ ಎನ್ನಬೇಕೇ? ಅಲ್ಲ. ಡಾಕ್ಟರು ಹೇಳಿದ್ದು ಸುಳ್ಳಲ್ಲ. ಆ ಭಯ ನನಗೆ ಇಂದಿಗೂ ಇದೆ. ಆದರೆ ಅದು ನಮ್ಮ ಭಯ ತಾನೇ? ‘ನಮಗೆ ಅಂಜಿಕೆಯಾಗುತ್ತದೆ, ಬಿಟ್ಟುಬಿಡು’ ಎಂದು ಎದುರು ಕೂತು ಅಂಗಲಾಚುವುದು ಕಷ್ಟ. ಅವರು ಎದುರಾಡುತ್ತಾರೆ, ದಿನವೂ ಜಗಳ. ಅದಕ್ಕಿಂತ ನಿನ್ನ ಕೈ ಹೋಯಿತು, ಕಾಲು ಹೋಯಿತು, ನೆನಪು ಹೋಯಿತು ಎಂದು ಅವರೇ ನಂಬುವಂತೆ ಮಾಡುವುದು ಸುಲಭ. ಮನೆ ಶಾಂತವಾಗಿರುತ್ತದೆ. ಅಷ್ಟು ಶಾಂತಿಗಾಗಿ ಒಬ್ಬ ಹೆಣ್ಣುಮಗಳು ತನ್ನ ಕೈಯ ಮೇಲಿನ ನಂಬಿಕೆ ಕಳೆದುಕೊಂಡರೆ ನಮಗೇನಾಗಬೇಕು, ಅಲ್ಲವೇ?

ಮದುವೆ ಮುಗಿದ ಮೇಲೆ ಅತ್ತೆ ನನ್ನನ್ನು ಕರೆದುಕೊಂಡು ದಾದಾಪೀರ ಅವರ ಶೆಡ್ಡಿಗೆ ಹೊರಟರು. ಅವರನ್ನು ಕಂಡೊಡನೆ ದಾದಾಪೀರ ಎದ್ದು ನಿಂತು ಸ್ಟೂಲು ಸರಿಸಿದರು. “ತಪ್ಪಾತ್ರಿ ಅಮ್ಮಾರ. ಮೊಂಡ ಮಾಡಿದಾಂವ ಹೊಳಪು ಕೊಡಬಾರದಿತ್ತು ನಾ” ಎಂದರು.

“ಇರ್ಲಿ ಬಿಡಪಾ. ಈಗ ನನ್ನೆದರಿಗೆ ಧಾರ ಹಚ್ಚು” ಎಂದರು ಅತ್ತೆ.

ಈ ಸಲ ಹೊತ್ತು ಹಿಡಿಯಿತು. ಒರಟು ಪಟ್ಟಾ ಏರಿಸಿ ಮೊಂಡಾದ ಅಂಚಿನ ಕಬ್ಬಿಣವನ್ನೆಲ್ಲ ಅದಕ್ಕೆ ತಿನ್ನಿಸಬೇಕಾಯಿತು. ಅದ್ದಿದಾಗೊಮ್ಮೆ ಡಬ್ಬಿಯ ನೀರು ಚುಯ್ ಎನ್ನುತ್ತಿತ್ತು. ಆಮೇಲೆ ನಡುತರದ್ದು, ನುಣ್ಣನೆಯದು, ತೊಗಲಿನದು. ಅಲಗು ಮೊದಲಿನದಕ್ಕಿಂತ ಕಿರಿದಾಯಿತು. ಪೇಪರು ಸರ್ರನೆ ಸೀಳಿತು. ಅತ್ತೆ ಹೆಬ್ಬೆರಳನ್ನು ಅಂಚಿನ ಹತ್ತಿರ ಒಯ್ದವರು ಅಲ್ಲೇ ತಡೆದರು. ಅಲಗನ್ನು ನನ್ನ ಕಡೆ ತಿರುಗಿಸಿ, “ನೀ ಮುಟ್ಟಿ ಹೇಳು ಸರೂ. ನನ್ನ ಬಟ್ಟಿಗೆ ತಿಳಿಯಂಗಿಲ್ಲ” ಎಂದರು. ಡಾಕ್ಟರ ಮಾತನ್ನು ಅವರು ಒಪ್ಪಿಕೊಂಡದ್ದು ಅದೇ ಮೊದಲು.

ಈಗ ನಮ್ಮಲ್ಲೊಂದು ಕರಾರು. ಬೆಳಕಿದ್ದಾಗಲಷ್ಟೇ ಹೆಚ್ಚುವುದು. ಹಾಡಿಲ್ಲ, ಹರಟೆಯಿಲ್ಲ, ಕಣ್ಣು ಅಲಗಿನ ಮೇಲೆ. ನಾನು ಎದುರಿಗೆ ಕೂರಬೇಕು. ಮುಗಿದ ಮೇಲೆ ಸಾಲಿ ಹುಡುಗಿ ಉಗುರು ತೋರಿಸಿದ ಹಾಗೆ ಎರಡೂ ಕೈ ಚಾಚಿ, “ಎಣಿಸ್ಕೋ, ಎಲ್ಲಾ ಅದಾವ” ಎನ್ನುತ್ತಾರೆ. ನಾನು ಒಂದೊಂದೇ ಬೆರಳು ತಿರುಗಿಸಿ ನೋಡುತ್ತೇನೆ. ನಾಳೆ ಏನಾಗುತ್ತದೋ ನನಗೆ ಗೊತ್ತಿಲ್ಲ. ಇಂದಿನ ತನಕ ಎಲ್ಲವೂ ಇವೆ.

ಎಲ್ಲ ಸರಿಹೋಯಿತು ಎಂದುಕೊಂಡಿದ್ದೆ.

ಮೊನ್ನೆ ಊಟಕ್ಕೆ ಕೂತಿದ್ದೆವು. ಅತ್ತೆ ರೊಟ್ಟಿಯ ಚೂರನ್ನು ಬ್ಯಾಳಿಯಲ್ಲಿ ಅದ್ದಿ ಬಾಯಿಗಿಟ್ಟರು. ಅಗಿಯುತ್ತ ಅಗಿಯುತ್ತ ನಿಲ್ಲಿಸಿದರು. ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. (ಬಿ.ಪಿ. ಎಂದು ನಾವು ಅವರ ಬಟ್ಟಲಿಗೆ ಬೇರೆ ಬ್ಯಾಳಿ ತೆಗೆದಿಡುತ್ತ ಎಷ್ಟೋ ತಿಂಗಳಾಗಿತ್ತು. ಅವರಿಗೆ ಹೇಳಿರಲಿಲ್ಲ.)

“ಖರೇ ಹೇಳ್ರಿ. ಬ್ಯಾಳ್ಯಾಗ ಉಪ್ಪಿಲ್ಲೋ, ನನ್ನ ನಾಲಿಗಿಗೆ ರುಚಿ ಇಲ್ಲೋ?”